ಕೊಡದವನೋ, ಕೊಡಲಾಗದವನೋ?

(ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ)

ಓದುವ ಭಾಗ: ಲೂಕ 13:6-9

ಈಗ ಓದಿದ ಭಾಗ ನಿಮಗೆ ಗೊತ್ತಿರುವುದೇ. ದ್ರಾಕ್ಷೇ ತೋಟದಲ್ಲಿ ಒಂದು ಅಂಜೂರದ ಮರ. ಯಜಮಾನ ಮೂರು ವರ್ಷ ಬಂದು ಬಂದು ನೋಡಿದ, ಹಣ್ಣು ಸಿಗಲಿಲ್ಲ. ಕಡಿದು ಹಾಕು, ಭೂಮಿ ಯಾಕೆ ಸುಮ್ಮನೆ ಹಾಳಾಗಬೇಕು ಅಂದ. ತೋಟಗಾರ ಇನ್ನೊಂದು ವರ್ಷ ಕೇಳಿಕೊಂಡ. ಈ ಭಾಗದ ಮೇಲೆ ನಾನು ಎಷ್ಟು ಸಲ ಮಾತಾಡಿದ್ದೀನೋ ಲೆಕ್ಕ ಇಲ್ಲ. ಆದರೆ ಇವತ್ತು ಹೇಳೋದನ್ನ ಮೊದಲು ಹೇಳಿಲ್ಲ, ಯಾಕಂದ್ರೆ ಇದರಲ್ಲಿ ನನ್ನದೇ ಒಂದು ತಪ್ಪು ಇದೆ.

ಪ್ರಶ್ನೆ ಇಷ್ಟೇ. ಒಬ್ಬರಿಗೆ ನಾವು ಕೊಡ್ತಾ ಇರ್ತೀವಿ. ಹಣ ಇರಬಹುದು, ಸಮಯ ಇರಬಹುದು, ಪ್ರೀತಿ ಇರಬಹುದು. ಅವರಿಂದ ಏನೂ ತಿರುಗಿ ಬರೋದಿಲ್ಲ. ಹೀಗೆ ಎಷ್ಟು ದಿನ ಕೊಡಬೇಕು? ಯಾವಾಗ ಕೈ ಹಿಂದಕ್ಕೆ ತಗೊಳ್ಳಬಹುದು? ಇದು ಪುಸ್ತಕದ ಪ್ರಶ್ನೆ ಅಲ್ಲ. ಇಲ್ಲಿ ಕೂತಿರುವ ಎಷ್ಟೋ ಮನೆಗಳಲ್ಲಿ ಈ ವಾರವೇ ಈ ಮಾತು ಬಂದಿರುತ್ತೆ.

ಉತ್ತರ ಹುಡುಕೋದಕ್ಕೆ ನಿಮ್ಮನ್ನ ಒಂದು ಶೇಂಗಾ ಹೊಲಕ್ಕೆ ಕರ್ಕೊಂಡು ಹೋಗ್ತೀನಿ.

ನಾನು ಹುಟ್ಟಿದ್ದು ಚಳ್ಳಕೆರೆ ಸೀಮೆಯಲ್ಲಿ. ಮಳೆ ಕಡಿಮೆ, ಕೆಂಪು ಮಣ್ಣು, ಶೇಂಗಾ ಬೆಳೆ. ಕಳೆ ತೆಗೆಯುವಾಗ ಕೈ ತಪ್ಪಿ ಶೇಂಗಾ ಗಿಡವೇ ಕಿತ್ತು ಬಂದರೆ ಬೇರಿನ ತುಂಬಾ ಸಣ್ಣ ಸಣ್ಣ ಗಂಟುಗಳು ಕಾಣ್ತಿದ್ದವು. ಸಾಸಿವೆ ಕಾಳಿನಷ್ಟು, ಕೆಲವು ಸ್ವಲ್ಪ ದೊಡ್ಡವು. ನಮ್ಮಜ್ಜಿ ಅದನ್ನ ಬೇರಿಗೆ ಬಂದ ರೋಗ ಅಂತ ತಿಳ್ಕೊಂಡಿದ್ದಳು. ಅಜ್ಜಿಯನ್ನು ನೋಡಿ ನಗಬೇಡಿ. ಇಟಲಿಯ ಮಾಲ್ಪೀಘಿ ಅನ್ನುವ ದೊಡ್ಡ ವಿಜ್ಞಾನಿ 17ನೇ ಶತಮಾನದಲ್ಲಿ ಈ ಗಂಟುಗಳ ಚಿತ್ರ ಬರೆದಿಟ್ಟ. ಅವನೂ ಅವು ಬೇರಿನ ಬಾವು ಅಂತಲೇ ಎಣಿಸಿದ್ದ. ಅಲ್ಲಿಂದ ಇನ್ನೂರು ವರ್ಷ ಆದ ಮೇಲೆ, 1886ರಲ್ಲಿ, ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬ ಇಬ್ಬರು ವಿಷಯ ಬಿಡಿಸಿ ಹೇಳಿದರು: ದ್ವಿದಳ ಧಾನ್ಯದ ಗಿಡಗಳು ಈ ಗಂಟುಗಳ ಮೂಲಕ ಗಾಳಿಯಲ್ಲಿರುವ ಸಾರಜನಕವನ್ನು ತಗೊಳ್ತವೆ. ಎರಡು ವರ್ಷ ಬಿಟ್ಟು, 1888ರಲ್ಲಿ, ಹಾಲೆಂಡಿನ ಬೈಜರಿಂಕ್ ಗಂಟಿನ ಒಳಗಿರುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದ. ರೋಗ ಅಂದುಕೊಂಡಿದ್ದು ಊಟ ಆಗಿತ್ತು, ಪ್ರಿಯರೇ.

ಇದರ ಒಳಗುಟ್ಟು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇವತ್ತಿನ ಮಾತೆಲ್ಲ ಅದರ ಮೇಲೇ ನಿಂತಿದೆ.

ನಾವು ಉಸಿರಾಡುವ ಗಾಳಿಯಲ್ಲಿ 78 ಭಾಗ ಸಾರಜನಕ, ಅಂದರೆ ನೈಟ್ರೋಜನ್. ಗಿಡಕ್ಕೆ ಅದು ಬೇಕೇ ಬೇಕು. ಅದಿಲ್ಲದೆ ಎಲೆ ಹಸಿರಾಗಲ್ಲ, ಕಾಳು ತುಂಬಲ್ಲ. ಆದರೆ ಗಾಳಿಯಲ್ಲಿರುವ ನೈಟ್ರೋಜನ್ ಎರಡೆರಡು ಪರಮಾಣು ಒಂದನ್ನೊಂದು ಮೂರು ಹಗ್ಗದಿಂದ ಬಿಗಿದು ಕಟ್ಟಿಕೊಂಡ ಹಾಗೆ ಇರುತ್ತೆ. ಗಿಡಕ್ಕೆ ಅದನ್ನ ಬಿಚ್ಚೋಕೆ ಆಗಲ್ಲ. ಸುತ್ತ ಅನ್ನ, ಬಾಯಿಗಿಲ್ಲ. ಯೂರಿಯಾ ಗೊಬ್ಬರಕ್ಕೆ ಬೇಕಾದ ಅಮೋನಿಯಾ ಮಾಡೋ ಕಾರ್ಖಾನೆಯಲ್ಲಿ ಈ ಕಟ್ಟು ಬಿಚ್ಚೋಕೆ 400 ಡಿಗ್ರಿಗೂ ಮೀರಿದ ಶಾಖ ಬೇಕು, ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರು ಪಟ್ಟಿಗೂ ಹೆಚ್ಚು ಒತ್ತಡ ಬೇಕು. ಅದೇ ಕೆಲಸವನ್ನ ಮಣ್ಣಿನ ಈ ಬ್ಯಾಕ್ಟೀರಿಯಾ ತಣ್ಣಗಿನ ಹೊಲದಲ್ಲಿ, ಸದ್ದಿಲ್ಲದೆ ಮಾಡುತ್ತೆ.

ಆದರೆ ಪುಕ್ಕಟೆ ಮಾಡಲ್ಲ. ಒಂದು ಜೋಡಿ ನೈಟ್ರೋಜನ್ ಬಿಚ್ಚೋದಕ್ಕೆ ಜೀವಕೋಶದ ಶಕ್ತಿಯ ನಾಣ್ಯ, ಎ.ಟಿ.ಪಿ. ಅಂತಾರಲ್ಲ, ಅದು ಕಡಿಮೆ ಅಂದರೂ 16 ಖರ್ಚಾಗುತ್ತೆ. ಆ ಶಕ್ತಿ ಕೊಡೋದು ಗಿಡ. ಬಿಸಿಲಲ್ಲಿ ನಿಂತು ಎಲೆ ಮಾಡಿದ ಸಕ್ಕರೆಯನ್ನ ಬೇರಿಗೆ ಇಳಿಸಿ ಗಂಟಿನೊಳಗೆ ಉಣಿಸುತ್ತೆ. ಮನೆ ಕಟ್ಟಿಕೊಡೋದೂ ಗಿಡವೇ. ಇನ್ನೊಂದು ಕಷ್ಟ ಇದೆ. ಬ್ಯಾಕ್ಟೀರಿಯಾಕ್ಕೆ ಉಸಿರಾಡೋಕೆ ಆಮ್ಲಜನಕ ಬೇಕು, ಆದರೆ ಅದು ಕೆಲಸ ಮಾಡೋ ಕಿಣ್ವಕ್ಕೆ ಆಮ್ಲಜನಕ ತಗುಲಿದರೆ ಕೆಟ್ಟೇ ಹೋಗುತ್ತೆ. ಅದಕ್ಕೆ ಗಿಡ ಏನು ಮಾಡುತ್ತೆ ಗೊತ್ತಾ? ನಮ್ಮ ರಕ್ತದಲ್ಲಿ ಹಿಮೋಗ್ಲೋಬಿನ್ ಇದೆಯಲ್ಲ, ಅಂಥದ್ದೇ ಒಂದು ವಸ್ತು ಮಾಡಿ ಆಮ್ಲಜನಕವನ್ನ ಅಳೆದು ಅಳೆದು ಕೊಡುತ್ತೆ. ಅದಕ್ಕೇ ಒಳ್ಳೆ ಗಂಟನ್ನ ಉಗುರಲ್ಲಿ ಸೀಳಿದರೆ ಒಳಗೆ ಕೆಂಪು. ಗಿಡಕ್ಕೆ ರಕ್ತ ಇಲ್ಲ ಅಂತೀವಿ. ಜೊತೆಗಾರನಿಗಾಗಿ ಅದು ರಕ್ತದಂಥದ್ದನ್ನೇ ಮಾಡಿಕೊಳ್ಳುತ್ತೆ.

ಹಾಗಾದರೆ ಇದು ಕೊಡು ಕೊಳ್ಳುವ ಸಂಬಂಧ. ಎರಡೂ ಕೊಡ್ತವೆ, ಎರಡೂ ತಗೊಳ್ತವೆ. ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಕೆಲವರು ಹೇಳ್ತಾರೆ, ಪಾಸ್ಟರ್, ನಿಜವಾದ ಪ್ರೀತಿ ಏನನ್ನೂ ನಿರೀಕ್ಷಿಸಬಾರದು ಅಂತ. ನಾನು ಹಾಗೆ ಹೇಳಲ್ಲ. ಗಂಡ ಹೆಂಡತಿಯಿಂದ, ಹೆಂಡತಿ ಗಂಡನಿಂದ, ಅಣ್ಣ ತಮ್ಮನಿಂದ ಏನಾದರೂ ನಿರೀಕ್ಷಿಸೋದು ಪಾಪ ಅಲ್ಲ. ನಿನ್ನಿಂದ ನನಗೆ ಏನೂ ಬೇಡ ಅನ್ನೋದು ಕೆಲವು ಸಲ ಪ್ರೀತಿ ಅಲ್ಲ, ಅವಮಾನ. ನೀನು ಕೊಡೋದಕ್ಕೆ ಲಾಯಕ್ಕಿಲ್ಲ ಅಂತ ಹೇಳಿದ ಹಾಗೆ.

ಈಗ ಕಷ್ಟದ ಭಾಗಕ್ಕೆ ಬರ್ತೀನಿ.

ಗಂಟಿನೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾ ಊಟ ತಿಂದು ಕೆಲಸ ಮಾಡದೆ ಕೂತರೆ? ಅಂಥವೂ ಮಣ್ಣಲ್ಲಿ ಇವೆ. ಮನೆ ಬೇಕು, ಸಕ್ಕರೆ ಬೇಕು, ದುಡಿಮೆ ಬೇಡ. ಗಿಡ ಎಲ್ಲಾ ಗಂಟಿಗೂ ಒಂದೇ ಸಮ ಉಣಿಸ್ತಾ ಹೋದರೆ ಏನಾಗುತ್ತೆ ಯೋಚನೆ ಮಾಡಿ. ದುಡಿಯೋ ಬ್ಯಾಕ್ಟೀರಿಯಾ ತನ್ನ ಶಕ್ತಿ ಖರ್ಚು ಮಾಡಿ ಸಣ್ಣದಾಗುತ್ತೆ, ಸೋಮಾರಿ ಕೊಬ್ಬಿ ಮರಿ ಹಾಕುತ್ತೆ. ಕೆಲವು ತಲೆಮಾರು ಕಳೆದರೆ ಮಣ್ಣಲ್ಲಿ ಉಳಿಯೋದು ಬರೀ ಸೋಮಾರಿಗಳು. ಆಗ ಗಿಡವೂ ಸಾಯುತ್ತೆ, ಸಂಬಂಧವೂ ಸಾಯುತ್ತೆ.

ಇದನ್ನ ಕೆಲವು ವಿಜ್ಞಾನಿಗಳು ಪರೀಕ್ಷೆ ಮಾಡಿದರು. ಟೋಬಿ ಕೀರ್ಸ್ ಎಂಬ ಸಹೋದರಿ ಮತ್ತು ಜೊತೆಗಾರರು ಸೋಯಾ ಗಿಡದ ಮೇಲೆ ಮಾಡಿದ ಈ ಪರೀಕ್ಷೆ 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅವರು ಕೆಲವು ಗಂಟುಗಳಿಗೆ ಸಿಗುವ ಗಾಳಿಯಿಂದ ನೈಟ್ರೋಜನ್ನನ್ನು ಬಹುತೇಕ ತೆಗೆದು ಅದರ ಜಾಗಕ್ಕೆ ಆರ್ಗಾನ್ ಅನಿಲ ತುಂಬಿದರು. ಆ ಗಂಟುಗಳಲ್ಲಿ ಕೆಲಸ ನಿಂತಿತು. ಒಂದೇ ಗಿಡದ ಬೇರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾಮೂಲು ಗಾಳಿ, ಇನ್ನೊಂದು ಪಾಲಿಗೆ ಆರ್ಗಾನ್ ಕೊಟ್ಟು ಸಹ ನೋಡಿದರು. ಗಿಡ ಸುಮ್ಮನಿರಲಿಲ್ಲ. ಕೆಲಸ ನಿಂತ ಗಂಟುಗಳಿಗೆ ಆಮ್ಲಜನಕ ಕಡಿಮೆಯಾಯಿತು. ಅಲ್ಲಿ ಬ್ಯಾಕ್ಟೀರಿಯಾಗಳ ಸಂತಾನ ಕಡಿಮೆಯಾಯಿತು. ಕೆಲಸ ಮಾಡ್ತಿದ್ದ ಗಂಟುಗಳಲ್ಲಿ ಹೆಚ್ಚು ಬೆಳೆದವು. ಗಿಡ ಕೊಡುವವನನ್ನ ಸಾಕುತ್ತೆ, ಕೊಡದವನ ಉಸಿರು ಬಿಗಿಯುತ್ತೆ.

ಇದನ್ನ ಮೊದಲ ಸಲ ಓದಿದಾಗ ನನಗೆ ಖುಷಿ ಆಯ್ತು, ಸುಳ್ಳು ಹೇಳಲ್ಲ. ನೋಡಿ, ಸೃಷ್ಟಿಯಲ್ಲೇ ಈ ನಿಯಮ ಇದೆ ಅಂತ. ಯಾಕೆ ಖುಷಿ ಆಯ್ತು ಅಂತ ಈಗ ಹೇಳ್ತೀನಿ. ನನ್ನ ತಮ್ಮನ ಒಪ್ಪಿಗೆ ಕೇಳಿಯೇ ಇದನ್ನ ಹೇಳ್ತಿರೋದು.

ನಮ್ಮ ತಂದೆ ತೀರಿಕೊಂಡ ಮೇಲೆ ಹೊಲವನ್ನ ತಮ್ಮ ನೋಡಿಕೊಳ್ತಿದ್ದ. ನಾನು ಇಲ್ಲಿ ಸೇವೆಯಲ್ಲಿದ್ದೆ. ತಿಂಗಳು ತಿಂಗಳು ಅವನಿಗೆ ಮೂರು ಸಾವಿರ ಕಳಿಸ್ತಿದ್ದೆ. ಬೀಜಕ್ಕೆ, ಕೂಲಿಗೆ, ಮಕ್ಕಳ ಫೀಸಿಗೆ. ಸುಗ್ಗಿ ಆದ ಮೇಲೆ ಅವನು ಎರಡು ಚೀಲ ಶೇಂಗಾ ಕಳಿಸ್ತಿದ್ದ, ಅಮ್ಮನ ಔಷಧಿ ಖರ್ಚು ನೋಡಿಕೊಳ್ತಿದ್ದ. ಚೆನ್ನಾಗಿ ನಡೀತಿತ್ತು. ಆಮೇಲೆ ಒಂದು ವರ್ಷ ಚೀಲ ಬರಲಿಲ್ಲ. ಮಳೆ ಇಲ್ಲ ಅಂದ. ಇನ್ನೊಂದು ವರ್ಷವೂ ಬರಲಿಲ್ಲ. ಪಕ್ಕದ ಹೊಲದಲ್ಲಿ ಬೆಳೆ ಇತ್ತು, ನಮ್ಮ ಹೊಲ ಅರ್ಧ ಬೀಡು. ಫೋನ್ ಮಾಡಿದರೆ ಎತ್ತಲ್ಲ. ಊರವರು ಹೇಳಿದರು, ನಿಮ್ಮ ತಮ್ಮ ಹಗಲೆಲ್ಲಾ ಕಟ್ಟೆ ಮೇಲೆ ಮಲಗಿರ್ತಾನೆ, ಕುಡಿತಾನೋ ಏನೋ, ಸೊರಗಿ ಹೋಗಿದಾನೆ ಅಂತ.

ನಾನು ಹಣ ನಿಲ್ಲಿಸಿದೆ. ಒಂದು ಮಾತೂ ಹೇಳದೆ ನಿಲ್ಲಿಸಿದೆ. ಅದೇ ತಿಂಗಳು ಇದೇ ಜಾಗದಲ್ಲಿ ನಿಂತು 2 ಥೆಸಲೊನೀಕ 3ನೇ ಅಧ್ಯಾಯದ ಮೇಲೆ ಸಂದೇಶ ಕೊಟ್ಟೆ. ದುಡಿಯದವನಿಗೆ ಊಟ ಇಲ್ಲ ಅಂತ ಗಟ್ಟಿಯಾಗಿ ಹೇಳಿದೆ. ನಿಮ್ಮಲ್ಲಿ ಕೆಲವರು ಆಮೆನ್ ಅಂದ್ರಿ.

ಎಂಟು ತಿಂಗಳ ಮೇಲೆ ನಾದಿನಿ ಬಂದಳು. ತಮ್ಮನಿಗೆ ಟಿ.ಬಿ. ಸಾಯಂಕಾಲ ಆದರೆ ಜ್ವರ, ರಾತ್ರಿ ಬೆವರು, ಕೆಮ್ಮು. ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ಮಗಳ ಮದುವೆ ಮಾತು ನಡೀತಿತ್ತು, ಗೊತ್ತಾದರೆ ಸಂಬಂಧ ಮುರಿಯುತ್ತೆ ಅಂತ ಮುಚ್ಚಿಟ್ಟಿದ್ದ. ಫೋನ್ ಎತ್ತದೆ ಇದ್ದದ್ದು ಕೆಮ್ಮು ನನಗೆ ಕೇಳಬಾರದು ಅಂತ. ನನ್ನ ಹಣದಲ್ಲೇ ಖಾಸಗಿಯಾಗಿ ಒಂದು ಕಡೆ ತೋರಿಸ್ತಿದ್ದನಂತೆ. ಹಣ ನಿಂತ ಮೇಲೆ ಅದೂ ನಿಂತಿತ್ತು.

ಪ್ರಿಯರೇ, ಆ ರಾತ್ರಿ ನಾನು ಆ ಸೋಯಾ ಗಿಡದ ಪರೀಕ್ಷೆಯನ್ನ ಮತ್ತೆ ತೆಗೆದು ಓದಿದೆ. ಮೊದಲ ಸಲ ನನ್ನ ಕಣ್ಣಿಗೆ ಬೀಳದ ಒಂದು ಸಂಗತಿ ಆವತ್ತು ಕಂಡಿತು. ನಿಮಗೂ ತಪ್ಪಿ ಹೋಗಿರಬಹುದು. ಆ ಗಂಟಿನಲ್ಲಿದ್ದ ಬ್ಯಾಕ್ಟೀರಿಯಾ ಸೋಮಾರಿ ಆಗಿರಲಿಲ್ಲ.

ಅವು ದುಡಿಯೋ ಜಾತಿಯವೇ. ಪಕ್ಕದ ಪಾಲಿನಲ್ಲಿ ಚೆನ್ನಾಗಿ ದುಡೀತಿದ್ದವಲ್ಲ, ಅವೇ. ಅವು ದುಡಿಯದೆ ಇದ್ದದ್ದಕ್ಕೆ ಕಾರಣ ಅವುಗಳ ಸ್ವಭಾವ ಅಲ್ಲ. ಅವುಗಳ ಸುತ್ತಲ ಗಾಳಿಯಿಂದ ಯಾರೋ ನೈಟ್ರೋಜನ್ ತೆಗೆದುಬಿಟ್ಟಿದ್ದರು. ಕೊಡೋದಕ್ಕೆ ಅವುಗಳ ಹತ್ತಿರ ಏನೂ ಇರಲಿಲ್ಲ. ಗಿಡಕ್ಕೆ ಅದು ಹೇಗೆ ಗೊತ್ತಾಗಬೇಕು? ಅದಕ್ಕೆ ಗೊತ್ತಾಗೋದು ಒಂದೇ: ಬರ್ತಾ ಇದೆಯೋ, ಇಲ್ಲವೋ. ಬರ್ತಿಲ್ಲ ಅಂದರೆ ಉಸಿರು ಕಡಿಮೆ. ಕೊಡದವನು ಮತ್ತು ಕೊಡಲಾಗದವನು, ಈ ಇಬ್ಬರನ್ನ ಬೇರೆ ಬೇರೆ ಮಾಡಿ ನೋಡೋ ಶಕ್ತಿ ಗಿಡಕ್ಕಿಲ್ಲ.

ಗಿಡದ ಮೇಲೆ ನಾನು ತಪ್ಪು ಹೊರಿಸಲ್ಲ. ಅದಕ್ಕೆ ಬಾಯಿಲ್ಲ, ಯಾಕೆ ಅಂತ ಕೇಳೋಕೆ ಆಗಲ್ಲ. ಎದ್ದು ಹೋಗಿ ಆ ಗಂಟಿನ ಬಾಗಿಲು ತಟ್ಟೋಕೆ ಕಾಲಿಲ್ಲ. ನನಗೆ ಬಾಯಿ ಇತ್ತು. ಕಾಲು ಇತ್ತು. ಚಳ್ಳಕೆರೆಗೆ ಬಸ್ ಇತ್ತು. ನಾನು ಗಿಡದ ಹಾಗೆ ನಡ್ಕೊಂಡೆ.

ಪೌಲನ ಮಾತನ್ನ ಮತ್ತೆ ತೆಗೆದು ನೋಡಿದೆ. ಅವನು ಹೇಳೋದು ಕೆಲಸ ಮಾಡಲು ಮನಸ್ಸಿಲ್ಲದವನ ಬಗ್ಗೆ. ಮಾಡಲಾಗದವನ ಬಗ್ಗೆ ಅಲ್ಲ. ಆ ಒಂದು ಪದವನ್ನ ನಾನು ಪ್ರಸಂಗದಲ್ಲಿ ನುಂಗಿಬಿಟ್ಟಿದ್ದೆ. ಇಬ್ಬರ ಕೈಯೂ ಖಾಲಿಯೇ, ಆದರೆ ಒಬ್ಬನಿಗೆ ಬೇಕಾದದ್ದು ಗದರಿಕೆ, ಇನ್ನೊಬ್ಬನಿಗೆ ಬೇಕಾದದ್ದು ವೈದ್ಯ. ದೂರದಿಂದ ಖಾಲಿ ಕೈ ಮಾತ್ರ ಕಾಣುತ್ತೆ. ಮನಸ್ಸು ಕಾಣಬೇಕಾದರೆ ಹತ್ತಿರ ಹೋಗಬೇಕು.

ಇನ್ನೊಂದು ಸತ್ಯವನ್ನೂ ನಾನು ಒಪ್ಪಿಕೊಳ್ಳಬೇಕು. ಹೊಲಕ್ಕೆ ನೈಟ್ರೋಜನ್ ಗೊಬ್ಬರ ಹೆಚ್ಚು ಹಾಕಿದರೆ ಏನಾಗುತ್ತೆ ಅಂತ ರೈತರಿಗೆ ಗೊತ್ತು. ದ್ವಿದಳ ಗಿಡ ಗಂಟು ಕಟ್ಟೋದನ್ನೇ ಕಡಿಮೆ ಮಾಡುತ್ತೆ. ಮಣ್ಣಲ್ಲೇ ಸಿಗ್ತಾ ಇದೆ, ಸಕ್ಕರೆ ಕೊಟ್ಟು ಜೊತೆಗಾರನನ್ನ ಸಾಕೋದು ಯಾಕೆ? ಅದು ಗಿಡದ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು. ಆ ವರ್ಷಗಳಲ್ಲಿ ಇಲ್ಲಿ ಸಭೆ ಬೆಳೆದಿತ್ತು, ನನ್ನ ಮಗನಿಗೆ ಕೆಲಸ ಸಿಕ್ಕಿತ್ತು. ಎರಡು ಚೀಲ ಶೇಂಗಾ ನನಗೆ ಬೇಕಿರಲಿಲ್ಲ. ತಮ್ಮ ಬದಲಾದ ಅಂತ ನಾನು ಹೇಳ್ತಿದ್ದೆ. ಬದಲಾದದ್ದು ನಾನೂ ಹೌದು. ಅವನ ಅವಶ್ಯಕತೆ ನನಗೆ ಕಡಿಮೆ ಆದಾಗಲೇ ಅವನ ತಪ್ಪು ನನಗೆ ದೊಡ್ಡದಾಗಿ ಕಂಡಿತು. ನಿಮಗೆ ಯಾರ ಮೇಲಾದರೂ ಬೇಸರ ಬಂದಿದ್ದರೆ ಈ ಪ್ರಶ್ನೆ ಕೇಳಿಕೊಳ್ಳಿ: ಅವರು ಕೊಡೋದನ್ನ ನಿಲ್ಲಿಸಿದರಾ, ಇಲ್ಲಾ ನನಗೆ ಬೇಡ ಆಯ್ತಾ?

ಈಗ ಅಂಜೂರದ ಮರಕ್ಕೆ ವಾಪಸ್ ಬರೋಣ. ಯಜಮಾನನ ಮಾತಲ್ಲಿ ಅನ್ಯಾಯ ಇಲ್ಲ. ಮೂರು ವರ್ಷ ಕಾದಿದ್ದಾನೆ. ತೋಟಗಾರನೂ ಯಜಮಾನನಿಗೆ ನಿನ್ನ ಲೆಕ್ಕ ತಪ್ಪು ಅನ್ನಲಿಲ್ಲ. ಅವನು ಎರಡು ಕೆಲಸ ಹೇಳಿದ. ಸುತ್ತ ಅಗೀತೀನಿ, ಗೊಬ್ಬರ ಹಾಕ್ತೀನಿ ಅಂದ. ಗಮನಿಸಿ, ಮೊದಲು ಅಗೆಯೋದು. ಅಂದರೆ ಬೇರು ಹೇಗಿದೆ, ಮಣ್ಣು ಹೇಗಿದೆ, ಕಲ್ಲು ಇದೆಯಾ, ನೀರು ನಿಂತಿದೆಯಾ ಅಂತ ನೋಡೋದು. ಹಣ್ಣು ನೋಡೋಕೆ ಯಜಮಾನ ನಿಂತೇ ನೋಡಿದ. ಬೇರು ನೋಡೋಕೆ ತೋಟಗಾರ ಮಂಡಿ ಊರಬೇಕು.

ತೋಟಗಾರ ಒಂದು ಗಡುವನ್ನೂ ಒಪ್ಪಿಕೊಂಡ. ಒಂದು ವರ್ಷ. ಇದನ್ನ ನಾನು ಮರೆಮಾಚಲ್ಲ, ಯಾಕಂದ್ರೆ ಇಲ್ಲಿ ಕೂತಿರುವ ಕೆಲವು ತಾಯಂದಿರು ಬೇರೆ ನೋವು ಅನುಭವಿಸ್ತಿದ್ದೀರಿ. ಗಂಡ ಕುಡಿದು ಬಂದು ಹೊಡೀತಾನೆ, ದುಡಿದ ಹಣ ಕಿತ್ತುಕೊಳ್ತಾನೆ, ಹತ್ತು ವರ್ಷದಿಂದ ಸಹಿಸಿದ್ದೀರಿ. ನಿಮಗೆ ನಾನು ಇನ್ನೂ ಕೊಡ್ತಾ ಇರು ಅಂತ ಹೇಳಲ್ಲ. ನೀವು ಬೇರು ಅಗೆದು ನೋಡಿದ್ದೀರಿ, ಗೊಬ್ಬರ ಹಾಕಿದ್ದೀರಿ, ಗಡುವು ಎಂದೋ ಮುಗಿದಿದೆ. ಸೋಯಾ ಗಿಡದ ನಿಯಮಕ್ಕೂ ಒಂದು ನ್ಯಾಯ ಇದೆ ಅಂದೆನಲ್ಲ. ದುಡಿಯುವ ಗಂಟುಗಳ ಪಾಲನ್ನ ತಿಂದುಹಾಕುವವನಿಗೆ ಕೊಡ್ತಾ ಹೋದರೆ ಮಕ್ಕಳು ಉಪವಾಸ ಬೀಳ್ತಾರೆ. ಕೈ ಹಿಂದಕ್ಕೆ ತಗೊಳ್ಳೋದೂ ಕೆಲವು ಸಲ ಸರಿಯಾದ ಕೆಲಸ. ನಾನು ಹೇಳ್ತಿರೋದು ಅದಕ್ಕೆ ಮುಂಚೆ ಮಾಡಬೇಕಾದ ಕೆಲಸದ ಬಗ್ಗೆ.

ಹಾಗಾದರೆ ಏನು ಮಾಡಬೇಕು? ನಾನು ಕಲಿತದ್ದನ್ನ ಸರಳವಾಗಿ ಹೇಳ್ತೀನಿ.

ಮೊದಲನೆಯದು, ನಿಲ್ಲಿಸೋ ಮೊದಲು ಹೋಗಿ ನೋಡಿ. ಫೋನ್ ಸಾಲದು. ಊರವರ ಮಾತು ಸಾಲದು. ಅವರ ಮನೆಯಲ್ಲಿ ಒಂದು ಹೊತ್ತು ಕೂತು ಬನ್ನಿ. ಗಂಟಿನ ಹೊರಗೆ ನೋಡಿದರೆ ಎಲ್ಲಾ ಒಂದೇ ಥರ ಮಣ್ಣಿನ ಬಣ್ಣ. ಕೆಂಪೋ ಬಿಳಿಯೋ ಅನ್ನೋದು ಒಳಗೆ ನೋಡಿದರೇ ಗೊತ್ತಾಗೋದು.

ಎರಡನೆಯದು, ಹೇಳಿ ನಿಲ್ಲಿಸಿ. ಇಂಥ ಕಾರಣಕ್ಕೆ, ಇಂಥ ದಿನದಿಂದ ನನಗೆ ಆಗಲ್ಲ ಅಂತ ಮುಖ ನೋಡಿ ಹೇಳಿ. ನಾನು ಆ ಒಂದು ಮಾತು ಹೇಳಿದ್ದರೆ ತಮ್ಮ ಬಾಯಿ ಬಿಡ್ತಿದ್ದ. ಮೌನವಾಗಿ ಉಸಿರು ಬಿಗಿಯೋದು ಗಿಡದ ಪದ್ಧತಿ.

ಮೂರನೆಯದು ಕೊಡಲಾಗದೆ ಇರುವವರಿಗೆ. ನಿಮ್ಮಲ್ಲಿ ಕೆಲವರು ನನ್ನ ತಮ್ಮನ ಜಾಗದಲ್ಲಿ ಇದ್ದೀರಿ. ದಯವಿಟ್ಟು ಮುಚ್ಚಿಡಬೇಡಿ. ಸೋಯಾ, ಬಟಾಣಿ ಇವುಗಳಲ್ಲಿ ಬ್ಯಾಕ್ಟೀರಿಯಾ ಬೇರಿನ ಸಣ್ಣ ರೋಮದ ಮೂಲಕ ಒಳಗೆ ಹೋಗುತ್ತೆ. ನಮ್ಮ ಶೇಂಗಾದಲ್ಲಿ ಹಾಗಲ್ಲ. ಪಕ್ಕದ ಬೇರು ಒಡೆದು ಹೊರಗೆ ಬರುವಾಗ ಅಲ್ಲೊಂದು ಬಿರುಕು ಬೀಳುತ್ತೆ, ಸಣ್ಣ ಗಾಯದ ಹಾಗೆ. ಸಹಾಯ ಒಳಗೆ ಬರೋದು ಆ ಬಿರುಕಿನಿಂದ. ಗಾಯ ತೋರಿಸೋದಕ್ಕೆ ನಾಚಿಕೆ ಪಟ್ಟುಕೊಂಡು ನಮ್ಮಲ್ಲಿ ಎಷ್ಟೋ ಜನ ಬಾಗಿಲನ್ನೇ ಮುಚ್ಚಿಬಿಟ್ಟಿದ್ದೀವಿ.

ಸಭೆಯ ಸಹಾಯ ನಿಧಿಯ ಬಗ್ಗೆಯೂ ಒಂದು ಮಾತು. ಯಾರದ್ದಾದರೂ ಹೆಸರು ಪಟ್ಟಿಯಿಂದ ತೆಗೆಯೋ ಮೊದಲು ಇಬ್ಬರು ಅವರ ಮನೆಗೆ ಹೋಗಿ ಬರಬೇಕು ಅಂತ ಹಿರಿಯರ ಜೊತೆ ಮಾತಾಡಿದ್ದೀನಿ. ಆ ಇಬ್ಬರಲ್ಲಿ ಮೊದಲನೆಯವನು ನಾನೇ ಆಗ್ತೀನಿ.

ತಮ್ಮನ ಕಥೆ ಮುಗಿಸಿಬಿಡ್ತೀನಿ, ಯಾಕಂದ್ರೆ ನೀವು ಕೇಳ್ತೀರಿ. ಸರ್ಕಾರಿ ಔಷಧಿ ಆರು ತಿಂಗಳು ತಪ್ಪದೆ ತಗೊಂಡ, ಗುಣ ಆದ. ದೇವರಿಗೆ ಸ್ತೋತ್ರ. ಆದರೆ ಇವತ್ತಿಗೂ ನನ್ನ ಕೈಯಿಂದ ಒಂದು ರೂಪಾಯಿ ತಗೊಳ್ಳಲ್ಲ. ಕೋಪ ಇಲ್ಲ, ಮಾತಾಡ್ತಾನೆ, ಊಟಕ್ಕೆ ಕೂರಿಸ್ತಾನೆ. ಹಣ ಮುಂದೆ ಇಟ್ಟರೆ ಮಾತ್ರ ವಾಪಸ್ ನನ್ನ ಜೇಬಿಗೆ ಹಾಕ್ತಾನೆ. ಕ್ಷಮಿಸಿದ್ದೀನಿ ಅಣ್ಣ ಅಂತಾನೆ. ಕ್ಷಮೆ ಸಿಕ್ಕಿದೆ, ನಂಬಿಕೆ ಇನ್ನೂ ಸಿಕ್ಕಿಲ್ಲ. ಎರಡೂ ಒಂದೇ ಅಲ್ಲ ಅಂತ ಈಗ ಗೊತ್ತಾಗಿದೆ. ಗಂಟು ಒಂದು ದಿನದಲ್ಲಿ ಕಟ್ಟಲ್ಲ. ಬೀಜ ಮೊಳೆತು ವಾರಗಳೇ ಬೇಕು.

ಅದಕ್ಕೆ ಈಗ ಹಣ ತಗೊಂಡು ಹೋಗಲ್ಲ. ಮುಂಗಾರು ಬಿದ್ದಾಗ ಎರಡು ದಿನ ಹೋಗಿ ಅವನ ಜೊತೆ ಕಳೆ ತೆಗೀತೀನಿ. ಬೆನ್ನು ನೋಯುತ್ತೆ, ಅವನು ನೋಡಿ ನಗ್ತಾನೆ. ಹೋದ ಸಲ ಒಂದು ಗಿಡ ನನ್ನ ಕೈ ತಪ್ಪಿ ಕಿತ್ತು ಬಂತು. ಅವನೇ ಒಂದು ಗಂಟು ಸೀಳಿ ತೋರಿಸಿದ. ಕೆಂಪಗಿತ್ತು.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ನೀವು ಮಾತಿಲ್ಲದೆ ಕೈಬಿಟ್ಟ ಒಬ್ಬರ ಮುಖ ಈಗ ನಿಮ್ಮ ಮುಂದೆ ಬಂದಿದ್ದರೆ ಅವರ ಹೆಸರು ಹೇಳಿ ಪ್ರಾರ್ಥಿಸಿ. ಪ್ರಾರ್ಥನೆ ಆದ ಮೇಲೆ ಮನೆಗೆ ಹೋಗಬೇಡಿ. ಅವರ ಮನೆಗೆ ಹೋಗಿ. ಆಮೆನ್.